ಗುರಿಕಾರರ ಮನೆಯ ಪಾಳಿ

ನನ್ನ ತಂಗಿ ನಿಶ್ಮಿತಾಳನ್ನು ಉಪ್ಪುಂದದ ಮೀನುಗಾರರ ಮುಖಂಡರಾದ ಮಂಜಯ್ಯ ಗುರಿಕಾರರ ಮನೆಗೆ ಮದುವೆ ಮಾಡಿ ಕೊಟ್ಟ ವರ್ಷವೇ ಅಲ್ಲಿಯ ಕೈರಂಪಣಿ ಸಂಘದವರು ಚೀಟಿ ಎತ್ತುವುದನ್ನು ಬಿಟ್ಟು ಮೊಬೈಲು ಹಿಡಿದರು. ಮದುವೆ ಬೇಸಿಗೆಯ ಕೊನೆಗೆ, ಮೊಬೈಲು ಮಳೆಗಾಲ ಮುಗಿದ ಮೇಲೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಕೇಳುವವರು ಬೇಕಲ್ಲ.

ಕೈರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಬಲೆಯನ್ನು ಒಯ್ದು ಕಡಲಿಗೆ ಅರ್ಧ ಸುತ್ತು ಹಾಕಿ ಬಿಡುತ್ತಾರೆ, ಎರಡೂ ಬದಿಯ ಹಗ್ಗವನ್ನು ದಡದ ಹೊಯ್ಗೆಯ ಮೇಲೆ ನಿಂತವರು ಎಳೆಯುತ್ತಾರೆ. ಕಲ್ಲಿಗೆ ಸಿಕ್ಕದೆ ಬಲೆ ಎಳೆಯಲು ಬರುವ ಜಾಗ ಆ ದಡದಲ್ಲಿ ಒಂದೇ. ಬಲೆಗಳು ಮಾತ್ರ ಹತ್ತು ಹನ್ನೆರಡು. ಹಾಗಾಗಿ ಪಾಳಿ. ಬೆಳಗಾಗುವಾಗ ಬಲೆ ಬಿಟ್ಟವನಿಗೆ ರಾತ್ರಿ ದಡಕ್ಕೆ ಬಂದ ಮೀನು ಸಿಗುತ್ತದೆ. ಬಿಸಿಲೇರಿದ ಮೇಲೆ ಬಿಟ್ಟವನಿಗೆ ಹಗ್ಗ ಎಳೆದ ಕೈನೋವು ಸಿಗುತ್ತದೆ. ಯಾವ ಬಲೆ ಎಷ್ಟನೆಯದು ಎಂದು ಪ್ರತಿ ಸಂಕ್ರಮಣದ ದಿನ ತೀರ್ಮಾನವಾದರೆ ಮುಂದಿನ ಸಂಕ್ರಮಣದವರೆಗೆ ಅದೇ ಕ್ರಮ.

ಮೊದಲು ಹೆಸರು ಬರೆದ ಚೀಟಿಗಳನ್ನು ಗುಡಿಯ ಅಮ್ಮನವರ ಎದುರು ತಂಬಿಗೆಯಲ್ಲಿ ಹಾಕಿ ಸಣ್ಣ ಹೆಣ್ಣುಮಗುವಿನ ಕೈಯಲ್ಲಿ ಎತ್ತಿಸುತ್ತಿದ್ದರು. ಯಾರದೋ ಚೀಟಿಯ ಮಡಿಕೆ ದಪ್ಪವಿತ್ತು, ಕೈಗೆ ಸಿಕ್ಕಲಿ ಎಂದೇ ಹಾಗೆ ಮಡಚಿದ್ದು ಎಂದು ಒಂದು ಸಲ ಗಲಾಟೆಯಾಯಿತು. ಮನುಷ್ಯರ ಕೈಯೇ ಬೇಡ ಎಂದು ಸಂಘದವರು ಬ್ರಹ್ಮಾವರದ ಪ್ರಖ್ಯಾತ್ ಎಂಬವನಿಗೆ ಹೇಳಿ ಆ್ಯಪ್ ಮಾಡಿಸಿದರು. ಪ್ರಖ್ಯಾತ್ ಮನೆಯಲ್ಲೇ ಕೂತು ಹೋಟೆಲು, ಲಾಡ್ಜುಗಳಿಗೆ ಸಾಫ್ಟ್‌ವೇರ್ ಮಾಡಿ ಕೊಡುವವನು. ಅಂಗಡಿಯ ಮಸಾಲೆ ಪುಡಿ ತಂದು ಸಾರು ಮಾಡಿದ ಹಾಗೆ, ಸಿದ್ಧವಾಗಿ ಸಿಗುವ ಒಂದು ಫ್ರೇಮ್‌ವರ್ಕ್ ಇಟ್ಟುಕೊಂಡು ವಾರದೊಳಗೆ ಮುಗಿಸಿದ. ಹೆಸರುಗಳನ್ನು ಹಾಕಿ ಗುಂಡಿ ಒತ್ತಿದರೆ ಪಾಳಿಯ ಕ್ರಮ ಬರುತ್ತದೆ.

ಹಿರಿಯರು ತಕರಾರು ತೆಗೆದರು. ದೇವರಿಲ್ಲದೆ ಮಿಷನ್ ತನ್ನಷ್ಟಕ್ಕೆ ಪಾಳಿ ಹೇಳುವುದು ಹೇಗೆ? ಪ್ರಖ್ಯಾತ್ ಅವರ ಮನಸ್ಸು ನೋಯಿಸುವುದು ಬೇಡ ಎಂದು ಮೇಲೊಂದು ಚೌಕ ಮಾಡಿಕೊಟ್ಟ. ಭಟ್ಟರು ಕೊಟ್ಟ ಮುಹೂರ್ತವನ್ನು ಅದರಲ್ಲಿ ಒತ್ತಬೇಕು, ಎಂಟು ಇಪ್ಪತ್ನಾಲ್ಕು ಎಂದರೆ ಎಂಟು ಎರಡು ನಾಲ್ಕು. ಆ ಅಂಕೆಯಿಂದಲೇ ಮಿಷನ್ ತನ್ನ ಲೆಕ್ಕ ಶುರು ಮಾಡುತ್ತದೆ. ಎಲ್ಲರಿಗೂ ಸಮಾಧಾನವಾಯಿತು. ಆ ಚೌಕದ ಮೇಲೆ ನನಗಿರುವ ಸಿಟ್ಟು ಮನುಷ್ಯರ ಮೇಲೂ ಇಲ್ಲ.

ಮೊದಲ ಸಂಕ್ರಮಣದಂದು ಮಂಜಯ್ಯನವರ ಬಲೆಗೆ ಕೊನೆಯ ಪಾಳಿ ಬಂತು. ಯಾರೂ ಏನೂ ಹೇಳಲಿಲ್ಲ, ಯಾರಿಗಾದರೂ ಬರಲೇಬೇಕಲ್ಲ. ಮುಂದಿನ ತಿಂಗಳೂ ಕೊನೆ. ನಿಶ್ಮಿತಾಳ ಅತ್ತೆ ಗುಲಾಬಿಯಮ್ಮ ಅಮ್ಮನವರಿಗೆ ಹರಕೆ ಹೇಳಿಕೊಂಡರು. ಅದರ ಮುಂದಿನ ತಿಂಗಳು ಕೊನೆಯಿಂದ ಎರಡನೆಯದು, ಆಮೇಲೆ ಮತ್ತೆ ಕೊನೆ. ಗುರಿಕಾರರ ಹಗ್ಗ ಎಳೆಯುತ್ತಿದ್ದ ಮನೆಗಳವರು ಒಬ್ಬೊಬ್ಬರಾಗಿ ರಾಜೇಂದ್ರನ ಹಗ್ಗಕ್ಕೆ ಹೋದರು. ರಾಜೇಂದ್ರ ಅದೇ ದಡದ ಇನ್ನೊಂದು ಬಲೆಯ ಯಜಮಾನ. ಅವನ ಪಾಳಿ ಮೊದಲನೆಯದು, ತಪ್ಪಿದರೆ ಎರಡನೆಯದು. ಎಲ್ಲ ದೇವರ ದಯ ಎಂದು ಎದೆ ಮುಟ್ಟಿಕೊಂಡು ಹೇಳುವವನು.

ಆ ಮಾತನ್ನು ಮೊದಲು ಆಡಿದ್ದು ಯಾರು ಎಂದು ನನಗೆ ಗೊತ್ತಿಲ್ಲ. ಹೆಮ್ಮಾಡಿಯಲ್ಲಿ ಮೀನು ಮಾರುವ ನಮ್ಮ ಅಮ್ಮ ವನಜಳ ಕಿವಿಗೆ ಅದು ಮಾರುಕಟ್ಟೆಯಲ್ಲೇ ಬಿತ್ತು. ಸೊಸೆ ಹೊಸಿಲು ದಾಟಿದ ವರ್ಷದಿಂದ ಗುರಿಕಾರರ ಬಲೆಗೆ ಮೀನಿಲ್ಲ, ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂದು. ಅವತ್ತು ಅಮ್ಮ ಮನೆಗೆ ಬಂದವಳು ಸ್ನಾನಕ್ಕೂ ಹೋಗದೆ ಜಗಲಿಯಲ್ಲಿ ಕೂತೇ ಇದ್ದಳು.

ಗುಲಾಬಿಯಮ್ಮ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಎರಡು ಮಾತು ಬೈದು ಹಗುರಾಗಬಹುದಿತ್ತು. ಅವರು ಮೀನಿನ ಮೊಟ್ಟೆ ಸಿಕ್ಕಿದರೆ ಮಗನಿಗೆ ಹಾಕದೆ ಸೊಸೆಯ ಬಟ್ಟಲಿಗೆ ಹಾಕುವವರು. ಅಂಥವರು ಒಂದು ಸಂಕ್ರಮಣದ ಹಿಂದಿನ ದಿನ ನಿಶ್ಮಿತಾಳ ತಲೆ ಸವರಿ, ಎರಡು ದಿನ ಅಮ್ಮನ ಮನೆಗೆ ಹೋಗಿ ಬಾ ಎಂದರು. ಏಕೆ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಮೇಲೆ ಪ್ರತಿ ತಿಂಗಳೂ ಹಾಗೇ ಆಯಿತು. ಅವಳ ಗಂಡ ರತನ್ ಬೈಕಿನಲ್ಲಿ ತಂದು ಗೇಟಿನ ಹತ್ತಿರ ಬಿಟ್ಟು ಹೋಗುತ್ತಿದ್ದ, ಒಳಗೆ ಬಂದು ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ಆ ಗಂಡಸಿಗೆ ಬಾಯಿ ಕೊಟ್ಟದ್ದು ಅನ್ನ ತಿನ್ನಲು ಮಾತ್ರ ಎಂದು ನಾನು ತುಂಬ ಸಲ ಅಂದುಕೊಂಡಿದ್ದೇನೆ.

ಎರಡು ದಿನ ಇದ್ದದ್ದು ವಾರವಾಯಿತು, ವಾರ ತಿಂಗಳಾಯಿತು. ಕೊನೆಗೆ ಕರೆಯಲು ಯಾರೂ ಬರಲಿಲ್ಲ, ಇವಳೂ ಹೋಗುತ್ತೇನೆ ಎನ್ನಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದಲ್ಲ. ಬೆಳಿಗ್ಗೆ ಅಮ್ಮ ಬುಟ್ಟಿ ಹೊತ್ತು ಹೊರಡುವ ಹೊತ್ತಿಗೆ ಇವಳು ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅಮ್ಮ ರಸ್ತೆ ಸೇರಿದಳು ಎಂದು ಖಾತ್ರಿಯಾದ ಮೇಲೆಯೇ ಬಾಗಿಲಿಗೆ ಬರುವುದು. ಒಂದು ದಿನ ಹಿಡಿದು ಕೇಳಿದೆ.

"ಅಬ್ಬಿ ಯಾಪಾರಕ್ ಹೋಪತಿಗೆ ನಾ ಎದ್ರ್ ಬಪ್ಪುದ್ ಬ್ಯಾಡ ಅಕ್ಕ," ಎಂದಳು, ಒಲೆಯ ಕಡೆ ನೋಡುತ್ತ.

ಊರಿನವರ ಬಾಯಿ ಮುಚ್ಚಿಸುವುದು ಆಗದ ಕೆಲಸ, ಅದು ನನಗೆ ಗೊತ್ತು. ಆದರೆ ಆ ಮಾತು ಊರಿನ ಬಾಯಿಂದ ಇಳಿದು ಇವಳ ಹೊಟ್ಟೆಯೊಳಗೆ ಹೋಗಿ ಕೂತಿತ್ತು. ಅದನ್ನು ಹೊರಗೆ ತೆಗೆಯಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿ ಉಳಿಯಿತು. ಬೈದೆ, ರಮಿಸಿದೆ, ಹಾಲಾಡಿಯಲ್ಲಿರುವ ಅವಳ ಗೆಳತಿಯನ್ನು ಕರೆಸಿದೆ. ಎಲ್ಲದಕ್ಕೂ ಹೂಂ ಎಂದಳು, ಮತ್ತೆ ಒಲೆಯ ಕಡೆ ತಿರುಗಿದಳು.

ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹಿತ್ತಿಲಿಗೆ ಹೋದರೆ, ನಿಶ್ಮಿತಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮೊಬೈಲು ಹಿಡಿದು ಅಳುತ್ತಿದ್ದಳು. ಮರುದಿನ ಸಂಕ್ರಮಣ. ಭಟ್ಟರು ಕೊಟ್ಟ ಮುಹೂರ್ತ ಆಗಲೇ ಸಂಘದ ವಾಟ್ಸ್ಆ್ಯಪ್ ಗ್ರೂಪಿಗೆ ಬಂದಿತ್ತು. ಇವಳು ತನ್ನ ಮೊಬೈಲಿನ ಆ್ಯಪಿನಲ್ಲಿ ಅದನ್ನೇ ಹಾಕಿ, ಬಲೆಗಳ ಹೆಸರನ್ನೆಲ್ಲ ಹಾಕಿ, ತಾನು ಇಲ್ಲಿದ್ದರೆ ಮಾವನ ಪಾಳಿ ಮೇಲೆ ಬರುತ್ತದೋ ಎಂದು ಒತ್ತಿ ನೋಡಿದ್ದಳು.

"ಕಾಣ್ ಅಕ್ಕ. ಇಲ್ಲ್ ಕೂತ್ಕಂಡ್ ಒತ್ತಿರೂ ಕಡಿಗೇ ಬತ್ತ್. ನಾ ಎಲ್ಲ್ ಇದ್ರೂ ಅಷ್ಟೇ."

ಹಿಂದಿನ ತಿಂಗಳುಗಳ ಮುಹೂರ್ತಗಳನ್ನೂ ಹಾಕಿ ನೋಡಿದ್ದಳಂತೆ, ಒಂದರಲ್ಲಿ ಕೊನೆಯಿಂದ ಎರಡನೆಯದು, ಉಳಿದದ್ದರಲ್ಲೆಲ್ಲ ಕೊನೆಯೇ. ಅವಳಿಗೆ ಅದು ತನ್ನ ಕಾಲ್ಗುಣದ ಸಾಕ್ಷಿ. ನನಗೆ ಬೇರೆಯೇ ಸಂಶಯ ಬಂತು. ಮೊಬೈಲು ಕಿತ್ತುಕೊಂಡು ಮೊದಲ ಜಾಗದಲ್ಲಿ ಮಂಜಯ್ಯನವರ ಹೆಸರು ತೆಗೆದು ರಾಜೇಂದ್ರನ ಹೆಸರು ಹಾಕಿ ಒತ್ತಿದೆ. ರಾಜೇಂದ್ರ ಕೊನೆಗೆ ಬಂದ. ಅಮ್ಮನ ಹೆಸರು ಹಾಕಿದೆ, ಅಮ್ಮ ಕೊನೆಗೆ ಬಂದಳು. ನಮ್ಮ ಮನೆಯ ಬೆಕ್ಕೂ ಕೊನೆಗೆ ಬಂತು. ದೇವರ ಹೆಸರು ಹಾಕಲು ಹೊರಟಾಗ ನಿಶ್ಮಿತಾ ಕೈ ಹಿಡಿದಳು.

ಗುರಿಕಾರರ ಮನೆಯ ಹೆಸರನ್ನು ಮೊದಲು ಹೇಳುವುದು ಆ ದಡದ ಸಂಪ್ರದಾಯ, ಉಳಿದವರದ್ದು ಬಂದವರು ಬಂದ ಹಾಗೆ. ಆ್ಯಪ್ ಯಾರ ಹೆಸರನ್ನೂ ಓದುತ್ತಿರಲಿಲ್ಲ. ಮೊದಲು ಹೇಳಿದ ಹೆಸರನ್ನು ಹಿಂದಕ್ಕೆ ಹಾಕುತ್ತಿತ್ತು, ಅಷ್ಟೇ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಒಂದೇ ಮುಹೂರ್ತ ಹಾಕಿ ಎಷ್ಟು ಸಲ ಒತ್ತಿದರೂ ಅದೇ ಕ್ರಮ ಬರುತ್ತಿತ್ತು. ಎಂದರೆ ನಾಳಿನ ಮುಹೂರ್ತ ಗೊತ್ತಿದ್ದವನಿಗೆ ಎಷ್ಟನೆಯವನಾಗಿ ಹೆಸರು ಕೊಟ್ಟರೆ ಎಷ್ಟನೇ ಪಾಳಿ ಎಂದು ಇವತ್ತೇ ಗೊತ್ತು. ನಾನು ಆಗಲೇ ರತನ್‌ಗೆ ಫೋನ್ ಮಾಡಿ, ನಾಳೆ ನಾಲ್ಕನೆಯವನಾಗಿ ಹೆಸರು ಕೊಟ್ಟವನಿಗೆ ಮೊದಲ ಪಾಳಿ, ನಿಮಗೆ ಕೊನೆ, ನೋಡಿಕೋ ಎಂದೆ. ಮರುದಿನ ಅವನೇ ಫೋನ್ ಮಾಡಿದ. ನಾಲ್ಕನೆಯವನಾಗಿ ಹೆಸರು ಕೊಟ್ಟದ್ದು ರಾಜೇಂದ್ರ. ಮೂರು ಜನ ಹೇಳುವವರೆಗೆ ಬೀಡಿ ಸೇದುತ್ತ ದೂರ ನಿಂತಿದ್ದನಂತೆ.

ನಾನು ಬ್ರಹ್ಮಾವರಕ್ಕೆ ಹೋಗಿ ಪ್ರಖ್ಯಾತ್‌ನ ಮನೆಯಲ್ಲಿ ಕೂತೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ, ಅವನು ಜಗಳ ಆಡಲಿಲ್ಲ. ನಾನು ತೋರಿಸಿದ್ದನ್ನು ತನ್ನ ಕಂಪ್ಯೂಟರಿನಲ್ಲಿ ಮತ್ತೆ ಮಾಡಿ ನೋಡಿದ. ಆಮೇಲೆ ವಿವರಿಸಿದ. ಫ್ರೇಮ್‌ವರ್ಕಿನಲ್ಲಿ ಚೀಟಿ ಎತ್ತಿದ ಹಾಗೆ ಯಾದೃಚ್ಛಿಕ ಸಂಖ್ಯೆ ಕೊಡುವ ಕೆಲಸ ಎರಡು ಬಗೆಯಲ್ಲಿ ಇರುತ್ತದೆ. ಒಂದು ಬರೀ ಆಟಕ್ಕೆ, ಕೊಟ್ಟ ಅಂಕೆಯಿಂದ ಲೆಕ್ಕ ಹಿಡಿದು ಹೊರಡುವುದು. ಅಂಕೆ ಒಂದೇ ಆದರೆ ಬರುವುದೂ ಒಂದೇ. ಅಂಕೆಗಳು ಹತ್ತಿರ ಹತ್ತಿರ ಇದ್ದರೆ ಮೊದಲು ಹೊರಬರುವ ಸಂಖ್ಯೆ ಅಲ್ಲಲ್ಲೇ ಇರುತ್ತದೆ, ಮೊದಲ ಹೆಸರಿನ ಜಾಗ ಅದರಿಂದಲೇ ತೀರ್ಮಾನವಾಗುತ್ತದೆ, ಮುಹೂರ್ತವೋ ಯಾವಾಗಲೂ ಬೆಳಿಗ್ಗೆ ಎಂಟು ಒಂಬತ್ತರ ನಡುವೆಯೇ. ಇನ್ನೊಂದು ಬಗೆಯದು ಯಾರಿಗೂ ಊಹಿಸಲು ಆಗದ್ದು, ಒಬ್ಬರ ನಷ್ಟ ಇನ್ನೊಬ್ಬರ ಲಾಭ ಇರುವಲ್ಲಿ ಅದನ್ನೇ ಬಳಸಬೇಕು. ಮೊದಲನೆಯದರ ಹೆಸರು ಸಣ್ಣದು, ಬರೆಯಲು ಸುಲಭ. ಅವನು ಅದನ್ನು ಬಳಸಿದ್ದ.

"ಮುಹೂರ್ತ ಮೊದ್ಲೇ ಹೇಳ್ರೆ ಪಾಳಿ ಮೊದ್ಲೇ ಹೇಳ್ದಂಗೆ ಅಂದೇಳಿ ನಂಗೆ ಹೊಳಿಲೇ ಇಲ್ಲೆ ಮೇಡಂ," ಎಂದ. ಹೇಳುತ್ತಿರುವಾಗಲೇ ಅವನಿಗೆ ಇನ್ನೊಂದು ನೆನಪಾಯಿತು. ಒಂದು ಲಾಡ್ಜಿನ ಸಾಫ್ಟ್‌ವೇರಿನಲ್ಲಿ ಪಾಸ್‌ವರ್ಡ್ ಮರೆತವರಿಗೆ ಕಳಿಸುವ ಗುಟ್ಟಿನ ಅಂಕೆಯನ್ನೂ ಅವನು ಇದರಿಂದಲೇ ತೆಗೆಯುತ್ತಿದ್ದ. ತಿಳಿದವನು ಯಾರಾದರೂ ಕೂತು ಊಹಿಸಿದರೆ ಎಲ್ಲರ ಖಾತೆಯೂ ಬಾಗಿಲು ತೆರೆದ ಮನೆ. ಅದನ್ನು ಇವತ್ತೇ ಸರಿ ಮಾಡುತ್ತೇನೆ, ಉಪ್ಪುಂದಕ್ಕೂ ನಾನೇ ಬಂದು ಹೇಳುತ್ತೇನೆ ಎಂದ. ಹೇಳಿದ ಹಾಗೆ ಬಂದ. ಅದಕ್ಕಾಗಿ ಅವನನ್ನು ಅರ್ಧ ಕ್ಷಮಿಸಿದ್ದೇನೆ.

ಸಂಘದ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಪ್ರಖ್ಯಾತ್ ಎಲ್ಲರೆದುರು ಬೇರೆ ಬೇರೆಯವರ ಹೆಸರನ್ನು ಮೊದಲು ಹಾಕಿ ಒತ್ತಿ ತೋರಿಸಿದ. ಮೊದಮೊದಲು ನಗು, ಆಮೇಲೆ ನಗು ನಿಂತಿತು. ಮಂಜಯ್ಯನವರು ಹಲಗೆಯ ಮೇಲೆ ಕೂತವರು ಏಳಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ. ಮನೆಯಲ್ಲಿ ಒತ್ತಿ ನೋಡುತ್ತಿದ್ದೆಯಾ ಎಂದು ರಾಜೇಂದ್ರನನ್ನು ಕೇಳಿದರು. ಆ್ಯಪ್ ಎಲ್ಲರ ಹತ್ತಿರವೂ ಇದೆ, ನೋಡಿದೆ, ಕದ್ದಿಲ್ಲ ಎಂದು ಅವನು ನೆಲ ನೋಡುತ್ತ ಹೇಳಿದ.

"ಕಂಡದ್ ತಪ್ಪಲ್ಲ," ಎಂದರು ಮಂಜಯ್ಯ. "ನನ್ ಸೊಸಿ ಹೆಸ್ರ್ ಎತ್ತುವತಿಗೆ ಎಲ್ಲ ಗೊತ್ತಿದ್ ಸುಮ್ನೆ ಕೂತದ್ ತಪ್ಪ್."

ಮರುದಿನ ಮಂಜಯ್ಯನವರು, ಗುಲಾಬಿಯಮ್ಮ ಇಬ್ಬರೂ ಹೆಮ್ಮಾಡಿಯ ನಮ್ಮ ಮನೆಗೆ ಬಂದರು. ಗುಲಾಬಿಯಮ್ಮ ಒಳಗೆ ಬಂದವರೇ ನಿಶ್ಮಿತಾಳನ್ನು ತಬ್ಬಿಕೊಂಡು ಅತ್ತರು. ಮಂಜಯ್ಯನವರು ಜಗಲಿಯಲ್ಲಿ ಕೂತರು, ಅಮ್ಮ ತಂದಿಟ್ಟ ನೀರು ಬೆಲ್ಲವನ್ನು ಮುಟ್ಟಲಿಲ್ಲ. ಸೊಸೆಯನ್ನು ಹತ್ತಿರ ಕರೆದರು.

"ಮಗಾ, ಹೆಸ್ರ್ ಮೊದ್ಲ್ ಹೇಳೂದ್ ನಮ್ಮನಿ ಮರ್ಯಾದಿ. ಆ ಮರ್ಯಾದಿಯೇ ನಮ್ಮನ್ನ್ ಕಡಿಗ್ ಹಾಕದ್ದ್. ನಿನ್ ಕಾಲಲ್ಲ. ನಾವ್ ಕಂಡ್ಕಂಬ್ಕಿತ್ತ್, ಕಾಣ್ಲಿಲ್ಲ."

ನಾವು ನೋಡಿಕೊಳ್ಳಬೇಕಿತ್ತು, ನೋಡಲಿಲ್ಲ ಎಂದು ನಮ್ಮ ಕಡೆ ಮಾವ ಸೊಸೆಗೆ ಹೇಳಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಿಶ್ಮಿತಾ ಬಾಗಿಲ ದಾರಂದ ಹಿಡಿದು ನಿಂತು ಕೇಳಿದಳು. ಬರುತ್ತೇನೆ ಎಂದಳು, ಆದರೆ ಮುಂದಿನ ಸಂಕ್ರಮಣ ಕಳೆದ ಮೇಲೆ. ಯಾವುದಕ್ಕೂ ಅದೊಂದು ಆಗಿಹೋಗಲಿ. ಅದಾಗದು, ಆ ದಿನವೇ ಬರಬೇಕು, ಎಲ್ಲರೆದುರು ಬರಬೇಕು ಎಂದು ಮಂಜಯ್ಯನವರು ಹಟ ಹಿಡಿದರು. ಹೌದು, ಹಾಗೇ ಆಗಬೇಕು ಎಂದು ನಾನೂ ದನಿ ಸೇರಿಸಿದೆ. ಊರಿನವರೆದುರು ತಗ್ಗಿದ ತಲೆ ಊರಿನವರೆದುರೇ ಏಳಬೇಕು ಎಂಬುದು ನನ್ನ ಲೆಕ್ಕ. ಕೊನೆಗೆ ಒಪ್ಪಿದಳು. ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ನನ್ನ ಜೊತೆಗೇ ಸಂಕ್ರಮಣದ ಬೆಳಿಗ್ಗೆ ಬಸ್ಸು ಹತ್ತಿದಳು. ಮದುವೆಯಲ್ಲಿ ಗುಲಾಬಿಯಮ್ಮ ಕೊಟ್ಟ ಹಸಿರು ಸೀರೆ ಉಟ್ಟಿದ್ದಳು. ಚಂದ ಕಾಣುತ್ತಿದ್ದಳು.

ಚೀಲವನ್ನು ಗುರಿಕಾರರ ಮನೆಯ ಜಗಲಿಯಲ್ಲಿ ಇಟ್ಟು ದಡಕ್ಕೆ ಹೋದರೆ ಜನ ಯಾವಾಗಲಿಗಿಂತ ಹೆಚ್ಚು ಸೇರಿದ್ದರು. ಪ್ರಖ್ಯಾತ್ ಹೊಸ ಆ್ಯಪ್ ತಂದಿದ್ದ. ಅದರಲ್ಲಿ ಮುಹೂರ್ತದ ಚೌಕ ಇರಲಿಲ್ಲ. ಇದು ಯಾರಿಗೂ ಮೊದಲೇ ಗೊತ್ತಾಗುವ ಹಾಗಿಲ್ಲ, ತನಗೂ ಗೊತ್ತಾಗುವುದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ನನಗೆ ಮೊದಲೇ ಕಳಿಸಿದ್ದ, ನಾನು ಹಿಂದಿನ ವಾರವಿಡೀ ಅದನ್ನು ಒತ್ತಿ ನೋಡಿದ್ದೆ. ಮೊದಲು ಹೇಳಿದ ಹೆಸರು ಒಮ್ಮೆ ಮೇಲೆ, ಒಮ್ಮೆ ನಡುವೆ, ಒಮ್ಮೆ ಕೆಳಗೆ ಬರುತ್ತಿತ್ತು. ಸರಿಯಾಗಿತ್ತು. ಭಟ್ಟರು ಹಣ್ಣುಕಾಯಿ ಮಾಡಿದರು, ಹೆಸರುಗಳನ್ನು ಹಾಕಿದ್ದಾಯಿತು. ಗುರಿಕಾರರ ಹೆಸರೇ ಮೊದಲು, ಈ ಸಲ ಅದರಿಂದ ಏನೂ ವ್ಯತ್ಯಾಸವಿರಲಿಲ್ಲ.

ಗುಂಡಿ ಒತ್ತಲು ಸಂಘದ ಅಧ್ಯಕ್ಷರು ಮುಂದೆ ಬಂದಾಗ ಮಂಜಯ್ಯನವರು ಅವರನ್ನು ತಡೆದರು. ನನ್ನ ಸೊಸೆ ಒತ್ತಲಿ ಎಂದರು. ನಿಶ್ಮಿತಾ ಬೇಡ ಎಂದು ತಲೆ ಆಡಿಸಿದಳು. ಗುಲಾಬಿಯಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟರು. ಅವಳು ಗುಂಪಿನಲ್ಲಿ ನನ್ನನ್ನು ಹುಡುಕಿ ನೋಡಿದಳು, ನಾನು ಒತ್ತು ಎಂದು ಸನ್ನೆ ಮಾಡಿದೆ. ಬೆರಳನ್ನು ಸೆರಗಿಗೆ ಒರಸಿಕೊಂಡು ಒತ್ತಿದಳು.

ಪ್ರಖ್ಯಾತ್ ಹೆಸರುಗಳನ್ನು ಓದುತ್ತ ಹೋದ. ಮೊದಲನೆಯದು ಬಡಗಿನ ಕಡೆಯ ಒಂದು ಬಲೆ. ರಾಜೇಂದ್ರನದು ನಡುವಿನಲ್ಲೆಲ್ಲೋ ಬಂತು. ಹೆಸರುಗಳು ಮುಗಿಯುತ್ತ ಬಂದ ಹಾಗೆ ಅವನ ದನಿ ಸಣ್ಣದಾಯಿತು. ಕೊನೆಯ ಹೆಸರನ್ನು ಅವನು ಓದುವ ಮೊದಲೇ ಎಲ್ಲರಿಗೂ ಗೊತ್ತಾಗಿತ್ತು, ಉಳಿದಿದ್ದದ್ದು ಅದೊಂದೇ.

ಮಂಜಯ್ಯ ಗುರಿಕಾರರು.

ಅದೃಷ್ಟ ಎನ್ನುವುದು ಸರಿಯಾಗಿ ನಡೆದರೆ ಹಾಗೂ ಬರುತ್ತದೆ. ಹಾಗೆ ಎಂದೂ ಬರದೇ ಇದ್ದರೆ ಮಿಷನ್ ಇನ್ನೂ ಹಾಳಾಗಿದೆ ಎಂದೇ ಅರ್ಥ. ಹಿಂದಿನ ಸಲ ಏನಾಯಿತು ಎಂದು ಅದಕ್ಕೆ ನೆನಪಿಲ್ಲ, ಇರಬಾರದು. ಇದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಟ್ಟು ಪರೀಕ್ಷೆಯಲ್ಲಿ ಕೇಳುತ್ತೇನೆ. ಅವತ್ತು ಆ ಹೊಯ್ಗೆಯ ಮೇಲೆ ನಿಂತು ಯಾರ ಹತ್ತಿರ ಹೇಳಲಿ?

ಒಬ್ಬನಾದರೂ ಕೊಂಕು ನುಡಿದಿದ್ದರೆ ಅವನನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ, ಅಷ್ಟಾದರೂ ಸಮಾಧಾನ ಸಿಗುತ್ತಿತ್ತು. ರಾಜೇಂದ್ರ ಕೂಡ ಮುಖ ತಿರುಗಿಸಿಕೊಂಡ. ಪ್ರಖ್ಯಾತ್ ಮೊಬೈಲನ್ನು ಮತ್ತೊಮ್ಮೆ ನೋಡಿ, ತಪ್ಪಿಲ್ಲ, ಇದು ಯಾರಿಗೆ ಬೇಕಾದರೂ ಬರಬಹುದು ಎಂದು ಸಣ್ಣಗೆ ಹೇಳಿದ. ಮಂಜಯ್ಯನವರು ಜೋರಾಗಿ ನಕ್ಕು, ಆಯಿತು, ಮಧ್ಯಾಹ್ನಕ್ಕೇ ಬಲೆ ಬಿಡುವ, ಬಿಸಿಲಿಗೆ ನಾವೇನು ಕರಗುವುದಿಲ್ಲ ಎಂದರು. ಆ ನಗು ನಿಜವಾದದ್ದೇ. ಗುಲಾಬಿಯಮ್ಮ ಸೊಸೆಯ ಕೈ ಹಿಡಿದರು. "ಬಾ ಮಗಾ, ಮನಿಗ್ ಹೋಪ," ಎಂದರು. ಅವರೆಲ್ಲ ಬದಲಾಗಿದ್ದರು. ಅವರ ಮೇಲೆ ನಾನು ಒಂದು ಮಾತು ಹೇಳುವ ಹಾಗಿಲ್ಲ.

ನಿಶ್ಮಿತಾ ಕೈ ಬಿಡಿಸಿಕೊಂಡಳು. ಎಳೆದುಕೊಳ್ಳಲಿಲ್ಲ, ಮೆಲ್ಲ ಬಿಡಿಸಿಕೊಂಡಳು. ರಸ್ತೆಗೆ ಹೋಗುವ ದಾರಿಗೆ ಅಡ್ಡವಾಗಿ ಮಂಜಯ್ಯನವರ ಬಲೆಯ ಹಗ್ಗ ಉದ್ದಕ್ಕೆ ಬಿದ್ದಿತ್ತು. ಅವಳು ಅದನ್ನು ದಾಟದೆ, ಸೀರೆಯ ನೆರಿಗೆ ಎತ್ತಿ ಹಿಡಿದು, ದೋಣಿಯ ಆಚೆಯವರೆಗೂ ನಡೆದು ಸುತ್ತು ಹಾಕಿ ರಸ್ತೆ ಸೇರಿದಳು. ಅಷ್ಟು ಜನರೂ ನೋಡುತ್ತ ನಿಂತಿದ್ದರು. ರತನ್ ಅವಳ ಹೆಸರು ಹಿಡಿದು ಒಮ್ಮೆ ಕೂಗಿದ. ಆ ಗಂಡಸಿನ ಬಾಯಿ ತೆರೆದದ್ದು ಆಗ. ಅವಳು ತಿರುಗಲಿಲ್ಲ. ಬಟ್ಟೆಯ ಚೀಲ ಗುರಿಕಾರರ ಮನೆಯ ಜಗಲಿಯಲ್ಲೇ ಉಳಿಯಿತು, ನಾನು ಹಾಗೆಯೇ ಅವಳ ಹಿಂದೆ ಓಡಿದೆ.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅವಳು ಅಳಲಿಲ್ಲ. ನಾನು ಅವಳ ಕೈ ಹಿಡಿದುಕೊಂಡು ಹೇಳುತ್ತಲೇ ಹೋದೆ. ಅತ್ತೆ ಮಾವ ಏನೂ ಅಂದುಕೊಂಡಿಲ್ಲ, ನಾಳೆಯೇ ವಾಪಸು ಹೋಗು, ಮುಂದಿನ ತಿಂಗಳು ಮೊದಲನೆಯದೇ ಬರಬಹುದು, ಇದು ಬರೀ ಅಕಸ್ಮಾತ್ತು ಎಂದೆ. ಎಷ್ಟು ವಿಧದಲ್ಲಿ ಹೇಳಬಹುದೋ ಅಷ್ಟೂ ವಿಧದಲ್ಲಿ ಹೇಳಿದೆ. ಮರವಂತೆ ದಾಟುವವರೆಗೆ ಅವಳು ಸುಮ್ಮನೆ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕ, ಈಗ್ಳ್ ಮಿಷನ್ ಸಮ ಇತ್ತಲೆ? ನೀನೇ ಕಂಡಿದ್ಯಲೆ?"

ಸಮ ಇದೆ, ನಾನೇ ನೋಡಿದ್ದೇನೆ ಎಂದೆ.

"ಹಂಗಾರೆ ಈ ಸಲದ್ದ್ ಯಾರ್ ಮಾಡದ್ದ್?"

ಅವಳು ಕೊಂಕಿಗೆ ಕೇಳಿದ್ದಲ್ಲ. ಅಕ್ಕ ಕಲಿತವಳು, ಅಕ್ಕನಿಗೆ ಗೊತ್ತಿರುತ್ತದೆ ಎಂದು ಕೇಳಿದಳು. ನನ್ನ ಮುಖ ನೋಡುತ್ತ ಉತ್ತರಕ್ಕೆ ಕಾದಳು, ಹೆಮ್ಮಾಡಿ ಬರುವವರೆಗೂ ಕಾದಳು.